ನ್ಯೂರೋಫಿಲಮೆಂಟ್ ಲೈಟ್ ಚೈನ್

ನರಕೋಶದ ಉದ್ದನೆಯ ಎಳೆಯಾದ ಆಕ್ಸಾನಿಗೆ ಒಳಹಂದರವಾಗಿರುವ ಪ್ರೋಟೀನುಗಳಲ್ಲಿ ಒಂದು; ನರಹಾನಿಯನ್ನು ಅಳೆಯಲು ಬಳಸುವ ಜೈವಿಕ ಸೂಚಕ. ಎನ್‌ಎಫ್‌ಎಲ್ ಎಂಬುದು ಇದರ ಹ್ರಸ್ವರೂಪ. ಆಕ್ಸಾನಿನ ಉದ್ದಕ್ಕೂ ಹಾಸಿಕೊಂಡಿರುವ, ಸುಮಾರು 10 ನ್ಯಾನೋಮೀಟರ್ ದಪ್ಪದ ನ್ಯೂರೋಫಿಲಮೆಂಟುಗಳು ಅದಕ್ಕೆ ಗಾತ್ರವನ್ನೂ ಗಟ್ಟಿತನವನ್ನೂ ಕೊಡುತ್ತವೆ. ಆಕ್ಸಾನಿಗೆ ಪೆಟ್ಟಾದಾಗ ಈ ಪ್ರೋಟೀನು ಮಿದುಳುಬಳ್ಳಿಯ ದ್ರವಕ್ಕೆ ಸೋರಿ, ಅಲ್ಲಿಂದ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೂ ಸೇರುತ್ತದೆ.

ಸ್ವೀಡನ್ನಿನ ಗೋಥೆನ್‌ಬರ್ಗಿನ ಲಾರ್ಸ್ ರೋಸೆನ್‌ಗ್ರೆನ್ ಮತ್ತು ಸಂಗಡಿಗರು 1996ರಲ್ಲಿ, ಸ್ನಾಯುಗಳನ್ನು ಸೊರಗಿಸುವ ನರರೋಗವಾದ ಎಎಲ್‌ಎಸ್ ಹಾಗೂ ಆಲ್‌ಝೈಮರ್ ರೋಗಿಗಳ ಮಿದುಳುಬಳ್ಳಿ ದ್ರವದಲ್ಲಿ ಇದರ ಮಟ್ಟ ಏರಿರುವುದನ್ನು ವರದಿ ಮಾಡಿದರು. ಆದರೆ ಅದಕ್ಕೆ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯಬೇಕು. ಒಬ್ಬ ರೋಗಿಗೆ ಅದನ್ನು ಮತ್ತೆ ಮತ್ತೆ ಮಾಡಲಾಗದು. ರಕ್ತದಲ್ಲಿ ಪ್ರಮಾಣ ಹತ್ತಾರು ಪಟ್ಟು ಕಡಿಮೆ. ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ. 2010ರಲ್ಲಿ ಪ್ರಕಟವಾದ ಸಿಮೋವಾ ವಿಧಾನ ಪ್ರೋಟೀನಿನ ಅಣುಗಳನ್ನು ಒಂದೊಂದಾಗಿ ಗುರುತಿಸುವಷ್ಟು ಸೂಕ್ಷ್ಮವಾಗಿದ್ದುದರಿಂದ, ಮುಂದೆ ತೋಳಿನ ರಕ್ತವೇ ಸಾಕಾಯಿತು. ಈ ಸೂಚಕದ ಚರಿತ್ರೆಯಲ್ಲಿ ಇದೇ ನಿಜವಾದ ತಿರುವು.

ಎನ್‌ಎಫ್‌ಎಲ್ ಹಾನಿಯ ವೇಗವನ್ನು ಹೇಳುತ್ತದೆ, ರೋಗದ ಹೆಸರನ್ನು ಹೇಳುವುದಿಲ್ಲ. ಉರಿಯೂತದ ರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ರೋಗ ಉಲ್ಬಣಿಸಿದಾಗ ಮಟ್ಟ ಏರಿ, ಮುಂದಿನ ಕೆಲವು ತಿಂಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಔಷಧಿ ಫಲಿಸಿದರೂ ಇಳಿಯುತ್ತದೆ. ಎಎಲ್‌ಎಸ್‌ನಲ್ಲಿ ಏರಿಕೆ ಬಹಳ ಹೆಚ್ಚು, ಮಟ್ಟ ಎತ್ತರವಿದ್ದವರಲ್ಲಿ ಸ್ನಾಯುಗಳು ಬೇಗ ಸೊರಗುತ್ತವೆ. ಪಾರ್ಕಿನ್ಸನ್ ರೋಗದಲ್ಲಿ ಅಷ್ಟಾಗಿ ಏರದೆ, ಅದನ್ನೇ ಹೋಲುವ ಮಲ್ಟಿಪಲ್ ಸಿಸ್ಟಂ ಅಟ್ರೋಫಿಯಲ್ಲಿ ಏರುವುದರಿಂದ ಇವೆರಡನ್ನು ಬೇರ್ಪಡಿಸಲೂ ನೆರವಾಗುತ್ತದೆ. ರೋಗದ ಹೆಸರು ತಿಳಿಯಲು ಬೇರೆ ಪರೀಕ್ಷೆಗಳು ಬೇಕು. ಉದಾಹರಣೆಗೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನು ಹೋಲುವ ನ್ಯೂರೋಮೈಲೈಟಿಸ್ ಆಪ್ಟಿಕಾವನ್ನು ಗುರುತಿಸಲು ಅಕ್ವಾಪೋರಿನ್-4 ವಿರುದ್ಧದ ಪ್ರತಿಕಾಯವನ್ನು ಹುಡುಕುತ್ತಾರೆ; ಇಂತಹ ಪ್ರತಿಕಾಯಗಳ ಬಗ್ಗೆ ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ತಂಡದವರು ಮಹತ್ವದ ಅಧ್ಯಯನ ನಡೆಸಿದ್ದಾರೆ.

ಔಷಧ ನಿಯಂತ್ರಣದಲ್ಲಿ ಇದರ ತೂಕ ಗೊತ್ತಾದದ್ದು 2023ರ ಏಪ್ರಿಲ್‌ನಲ್ಲಿ. ಎಸ್‌ಒಡಿ1 ಜೀನಿನ ದೋಷದಿಂದ ಬರುವ ಎಎಲ್‌ಎಸ್ ಒಟ್ಟು ಪ್ರಕರಣಗಳಲ್ಲಿ ಶೇ. 2ರಷ್ಟು ಮಾತ್ರ. ಅದಕ್ಕಾಗಿ ರೂಪಿಸಿದ ಟೋಫರ್ಸನ್ ಔಷಧ, 28 ವಾರಗಳ ಪ್ರಯೋಗದಲ್ಲಿ ರೋಗಿಗಳ ದೈಹಿಕ ಸಾಮರ್ಥ್ಯದ ಕುಸಿತವನ್ನು ತಗ್ಗಿಸಿತೆಂದು ಸಂಖ್ಯಾಶಾಸ್ತ್ರದ ಪ್ರಕಾರ ಸಾಬೀತಾಗಲಿಲ್ಲ. ರಕ್ತದ ಎನ್‌ಎಫ್‌ಎಲ್ ಮಾತ್ರ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಆ ಇಳಿಕೆಯನ್ನೇ ಆಧಾರವಾಗಿಟ್ಟುಕೊಂಡು ಅಮೆರಿಕದ ಎಫ್‌ಡಿಎ ತ್ವರಿತ ಅನುಮತಿ ನೀಡಿತು. ನಿಜವಾದ ಪ್ರಯೋಜನವನ್ನು ಮುಂದೆ ದೃಢಪಡಿಸಬೇಕೆಂಬ ಷರತ್ತೂ ಜೊತೆಗಿತ್ತು. ಬೇರೆ ಚಿಕಿತ್ಸೆಯ ದಾರಿ ಬಹುಮಟ್ಟಿಗೆ ಮುಚ್ಚಿರುವ ಮಾರಕ ರೋಗದಲ್ಲಿ ಈ ನಿರ್ಧಾರ ಸಮರ್ಥನೀಯವೇ.

ಅಂಕಿಯನ್ನು ಓದುವಾಗ ಎಚ್ಚರ ಬೇಕು. ವಯಸ್ಸಾದಂತೆ ಆರೋಗ್ಯವಂತರಲ್ಲೂ ಮಟ್ಟ ಏರುತ್ತದೆ, ಮೂತ್ರಪಿಂಡ ಸೋತಾಗ ಏರುತ್ತದೆ, ದೇಹತೂಕ ಹೆಚ್ಚಿದ್ದವರಲ್ಲಿ ಕಡಿಮೆ ಕಾಣುತ್ತದೆ. ತಲೆಗೆ ಪೆಟ್ಟು, ಪಾರ್ಶ್ವವಾಯು, ಕೈಕಾಲಿನ ನರಗಳ ಕಾಯಿಲೆಗಳೂ ಏರಿಸುತ್ತವೆ. ಹಾಗಾಗಿ ಒಂದೇ ಸಲದ ಫಲಿತಾಂಶಕ್ಕಿಂತ, ಅದೇ ವ್ಯಕ್ತಿಯ ಹಿಂದಿನ ಫಲಿತಾಂಶಗಳೊಡನೆ ಹೋಲಿಸಿ, ವಯಸ್ಸಿಗೆ ತಕ್ಕಂತೆ ಸರಿಹೊಂದಿಸಿದ ಅಂಕಿಗೆ ಬೆಲೆ ಹೆಚ್ಚು. ಉಲ್ಬಣವಿಲ್ಲದೆ ಮೆಲ್ಲಗೆ ಮುಂದುವರಿಯುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಇದು ಅಷ್ಟು ಚುರುಕಲ್ಲ. ಆ ಕೊರತೆ ತುಂಬಲು ನರಕೋಶಗಳಿಗೆ ಆಸರೆಯಾದ ಆಸ್ಟ್ರೋಸೈಟ್ ಕೋಶಗಳಿಂದ ಬರುವ ಜಿಎಫ್‌ಎಪಿ ಪ್ರೋಟೀನನ್ನೂ ಜೊತೆಯಲ್ಲಿ ಅಳೆದು ನೋಡುವ ಸಂಶೋಧನೆಗಳು ನಡೆದಿವೆ.