ಕನಸು ಮತ್ತು ಸೃಜನಶೀಲತೆ

ನಿದ್ರೆಯಲ್ಲಿ ಕಂಡ ದೃಶ್ಯ ಅಥವಾ ಕೇಳಿದ ಮಾತು ಎಚ್ಚರವಾದ ಮೇಲೆ ಕಾವ್ಯ, ಶಿಲ್ಪ, ಸಂಗೀತ ಇಲ್ಲವೆ ವೈಜ್ಞಾನಿಕ ಚಿಂತನೆಗೆ ಪ್ರೇರಣೆಯಾಗುವುದನ್ನು ಸ್ವಪ್ನಸ್ಫೂರ್ತಿ ಎನ್ನಬಹುದು. ಕರ್ನಾಟಕದ ಹರಿದಾಸ, ಜೈನ ಹಾಗೂ ತುಳು ಸಂಪ್ರದಾಯಗಳು ಇಂಥ ಕಥನಗಳನ್ನು ಉಳಿಸಿಕೊಂಡು ಬಂದಿವೆ. ಉಡುಪಿ, ಕಾಪು, ಕಾರ್ಕಳ ಪರಿಸರದಲ್ಲಿ ಈ ಮೂರೂ ಸಂಪ್ರದಾಯಗಳು ಒಂದೆಡೆ ಸೇರುತ್ತವೆ. ಇವುಗಳಲ್ಲಿ ಕನಸು ಕಲ್ಪನೆಯ ಮೂಲವಾಗುವುದರ ಜೊತೆಗೆ, ಕೃತಿಯನ್ನು ರಚಿಸಲು ದೊರೆತ ಅಪ್ಪಣೆಯಾಗಿಯೂ ಕಾಣಿಸುತ್ತದೆ. ಆದುದರಿಂದ ಕನಸಿನಿಂದ ಬಂದ ಕೃತಿಯ ಕರ್ತೃ ಯಾರು, ಅದಕ್ಕೆ ಎಷ್ಟು ಪ್ರಾಮಾಣ್ಯ ಸಲ್ಲಬೇಕು ಎಂಬ ಪ್ರಶ್ನೆಗಳು ಏಳುತ್ತವೆ.

ಹರಿದಾಸ ಪರಂಪರೆ

ಹರಿದಾಸರು ತಮ್ಮ ಕೀರ್ತನೆಗಳಲ್ಲಿ ಬಳಸುವ ಅಂಕಿತವನ್ನು ಸಾಮಾನ್ಯವಾಗಿ ಗುರುವಿನಿಂದ ಪಡೆಯುತ್ತಾರೆ. ರಾಯಚೂರು ಜಿಲ್ಲೆಯ ಚೀಕಲಪರವಿಯ ವಿಜಯದಾಸರಿಗೆ (1682–1755) ಕಾಶಿಯಲ್ಲಿ ಪುರಂದರದಾಸರು ಕನಸಿನಲ್ಲಿ ಕಾಣಿಸಿಕೊಂಡು 'ವಿಜಯವಿಠಲ' ಎಂಬ ಅಂಕಿತವನ್ನು ಅನುಗ್ರಹಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಪುರಂದರದಾಸರು 1564ರಲ್ಲಿಯೇ ಕಾಲವಾಗಿದ್ದರು. ಒಂದು ಶತಮಾನಕ್ಕೂ ಹೆಚ್ಚಿನ ಅಂತರವಿದ್ದ ಗುರುಶಿಷ್ಯರ ನಡುವೆ ಕನಸು ಇಲ್ಲಿ ಸೇತುವೆಯಾಯಿತು. ಅನಂತರ ವಿಜಯದಾಸರು ಅಸಂಖ್ಯಾತ ಸುಳಾದಿಗಳನ್ನೂ ಪದಗಳನ್ನೂ ರಚಿಸಿದರು.

ಸ್ವಾಪ್ನವೃಂದಾವನಾಖ್ಯಾನ

ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಸೋದೆ ಮಠದ ಯತಿ ವಾದಿರಾಜರು ಕುಂಭಾಶಿ ಬಳಿಯ ಹೂವಿನಕೆರೆಯಲ್ಲಿ ಜನಿಸಿದವರು. ಅವರ ಕಾಲವನ್ನು ಸಂಪ್ರದಾಯವು 1480–1600 ಎಂದು ಗಣಿಸುತ್ತದೆ. ಸೋದೆಯಲ್ಲಿ ಅವರು ವೃಂದಾವನಸ್ಥರಾದ ಮೇಲೆ ಭಕ್ತರೊಬ್ಬರ ಕನಸಿನಲ್ಲಿ ಉಪದೇಶಿಸಿದ ಸಂಸ್ಕೃತ ಶ್ಲೋಕಗಳ ಸಂಗ್ರಹವೇ 'ಸ್ವಾಪ್ನವೃಂದಾವನಾಖ್ಯಾನ' ಎಂಬ ನಂಬಿಕೆಯಿದೆ. ಅನುಯಾಯಿಗಳಿಗೆ ಇದು ವಾದಿರಾಜರದೇ ವಾಣಿ. ಆದರೆ ಇದರ ಪ್ರಾಮಾಣ್ಯವನ್ನು ಕುರಿತು ಮಾಧ್ವ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೈಬರಹವನ್ನೋ ಸಮಕಾಲೀನ ಸಾಕ್ಷ್ಯವನ್ನೋ ಪರಿಶೀಲಿಸಿ ಕರ್ತೃವನ್ನು ನಿರ್ಣಯಿಸುವ ಸಾಮಾನ್ಯ ಕ್ರಮವು ಕನಸಿಗೆ ಅನ್ವಯಿಸದಿರುವುದೇ ಇಂಥ ಚರ್ಚೆಯ ತೊಡಕು.

ಜೈನ ಮತ್ತು ತುಳು ಸಂಪ್ರದಾಯ

ದಿಗಂಬರ ಜೈನ ಪುರಾಣಗಳಲ್ಲಿ ತೀರ್ಥಂಕರನ ತಾಯಿ ಹದಿನಾರು ಕನಸುಗಳನ್ನು ಕಾಣುತ್ತಾಳೆ. ಪಂಪನ 'ಆದಿಪುರಾಣ'ದಲ್ಲಿ (941) ಮರುದೇವಿಯ ಕನಸುಗಳು ವರ್ಣಿತವಾಗಿವೆ. ಶ್ರವಣಬೆಳಗೊಳದ ಗೊಮ್ಮಟ ಪ್ರತಿಮೆಯ ಐತಿಹ್ಯದಲ್ಲಿಯೂ ಕನಸಿಗೆ ಮುಖ್ಯ ಸ್ಥಾನವಿದೆ: ಕೂಷ್ಮಾಂಡಿನಿ ದೇವಿಯು ಕನಸಿನಲ್ಲಿ ಸೂಚಿಸಿದಂತೆ ಚಾವುಂಡರಾಯನು ಚಿಕ್ಕಬೆಟ್ಟದಿಂದ ಬಾಣ ಬಿಟ್ಟನೆಂದೂ ಅದು ತಗುಲಿದ ಬಂಡೆಯಲ್ಲಿ ಬಾಹುಬಲಿ ಗೋಚರಿಸಿದನೆಂದೂ ಕಥೆಯಿದೆ. ಅದೇ ಶಿಲ್ಪಪರಂಪರೆಯಲ್ಲಿ 1432ರಲ್ಲಿ ಕಾರ್ಕಳದ ಸುಮಾರು 42 ಅಡಿ ಎತ್ತರದ ಪ್ರತಿಮೆಯನ್ನು ವೀರಪಾಂಡ್ಯನು ಪ್ರತಿಷ್ಠಾಪಿಸಿದನು. ತುಳುನಾಡಿನ ಸ್ಥಳಪುರಾಣಗಳಲ್ಲಿ ದೈವವು ಕನಸಿನಲ್ಲಿ ಬಂದು ತನಗೆ ನೆಲೆ ಬೇಕೆಂದು ಕೇಳುವುದು ಪರಿಚಿತ ಪ್ರಸಂಗ.

ಆಧುನಿಕ ಸಾಹಿತ್ಯ

ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿ ಮಣಿಪಾಲದಲ್ಲಿ ನಿಧನರಾದ ಶಿವರಾಮ ಕಾರಂತರ (1902–1997) 'ಮೂಕಜ್ಜಿಯ ಕನಸುಗಳು' 1968ರಲ್ಲಿ ಪ್ರಕಟವಾಯಿತು. ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಇಲ್ಲಿನ ಅಜ್ಜಿಯ ಕನಸುಗಳು ನಿದ್ರೆಯವಲ್ಲ. ಹಳೆಯ ವಸ್ತುವನ್ನು ಮುಟ್ಟಿದಾಗ ಎಚ್ಚರದಲ್ಲಿಯೇ ಮೂಡುವ ದರ್ಶನಗಳು. ಪರಂಪರೆಯಲ್ಲಿ ಅಪ್ಪಣೆಯಾಗಿದ್ದ ಕನಸು ಈ ಕಾದಂಬರಿಯಲ್ಲಿ ದೇವರು, ಧರ್ಮ, ದಾಂಪತ್ಯಗಳನ್ನು ಪ್ರಶ್ನಿಸುವ ಸಾಧನವಾಗಿದೆ.

ವೈಜ್ಞಾನಿಕ ದೃಷ್ಟಿ

ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ರಾವಸ್ಥೆಯನ್ನು 1953ರಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಈ ಅವಸ್ಥೆಯಲ್ಲಿ. 2021ರಲ್ಲಿ ಪ್ಯಾರಿಸ್‌ನ ಸಂಶೋಧಕರು ಗಣಿತದ ಸಮಸ್ಯೆಯೊಂದರಲ್ಲಿ ಅಡಗಿದ್ದ ನಿಯಮವನ್ನು ಹುಡುಕುವ ಪ್ರಯೋಗ ನಡೆಸಿದರು. ಜೊಂಪಿನ ಮೊದಲ ಹಂತದಲ್ಲಿ ಕನಿಷ್ಠ 15 ಸೆಕೆಂಡು ಇದ್ದವರಲ್ಲಿ ಶೇ. 83ರಷ್ಟು ಮಂದಿ ಅದನ್ನು ಕಂಡುಕೊಂಡರು. ಎಚ್ಚರವಾಗಿಯೇ ಇದ್ದವರಲ್ಲಿ ಈ ಪ್ರಮಾಣ ಸುಮಾರು ಶೇ. 30. ಗಾಢ ನಿದ್ರೆಗೆ ಜಾರಿದವರಲ್ಲಿ ಆ ಲಾಭ ಉಳಿಯಲಿಲ್ಲ.

ಬಳಸುವ ಕ್ರಮ

ಕನಸು ಬೇಗನೆ ಮರೆತುಹೋಗುವುದರಿಂದ ಹಾಸಿಗೆಯ ಬಳಿ ಪುಸ್ತಕ, ಲೇಖನಿಗಳನ್ನಿಟ್ಟುಕೊಂಡು, ಎದ್ದೊಡನೆ ನೆನಪಿದ್ದಷ್ಟನ್ನು ಬರೆದಿಡುವುದು ರೂಢಿಯಲ್ಲಿರುವ ವಿಧಾನ. ಮೊದಲು ಚಿತ್ರ, ಬಣ್ಣ, ಮಾತುಗಳನ್ನು ಕಂಡಂತೆಯೇ ದಾಖಲಿಸಿ, ಅರ್ಥವಿವರಣೆಯನ್ನು ಅನಂತರಕ್ಕೆ ಬಿಡುವುದು ಉಪಯುಕ್ತ. ಹೀಗೆ ದೊರೆತದ್ದು ಬೀಜ ಮಾತ್ರ. ಅಂಕಿತ ಕನಸಿನಲ್ಲಿ ದೊರೆತರೂ ಸುಳಾದಿಗೆ ತಾಳಜ್ಞಾನ ಬೇಕು. ಬಂಡೆಯಲ್ಲಿ ಮೂರ್ತಿ ಗೋಚರಿಸಿದರೂ ಅದನ್ನು ಕಡೆಯಲು ಶಿಲ್ಪಿಯ ಉಳಿ ಬೇಕು. ಅಭ್ಯಾಸವಿದ್ದವರಿಗೆ ಮಾತ್ರ ಕನಸು ಕೃತಿಯಾಗಿ ಒದಗುತ್ತದೆಂಬುದನ್ನು ಮೇಲಿನ ಉದಾಹರಣೆಗಳು ಸೂಚಿಸುತ್ತವೆ.