ಹದಿನೈದು ವರ್ಷ ಅರಮನೆಯಿಲ್ಲದ ಮೈಸೂರು

ಮೈಸೂರು ಅರಮನೆ ವಯಸ್ಸಿನಲ್ಲಿ ನಮ್ಮ ವಿ.ಟಿ. ಸ್ಟೇಷನ್ನಿಗಿಂತ ಚಿಕ್ಕದು. ಹೀಗೆಂದರೆ ಊರಿನಿಂದ ಬಂದ ನೆಂಟರು ಸುಲಭಕ್ಕೆ ನಂಬುವುದಿಲ್ಲ. ಆದರೆ ಲೆಕ್ಕ ಸರಳ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ 1887ರಲ್ಲಿ ಆ ಸ್ಟೇಷನ್ನಿಗೆ ಅವಳ ಹೆಸರಿಟ್ಟರು. ನಾವು ಇಂದು ನೋಡುವ ಮೈಸೂರಿನ ಅಂಬಾವಿಲಾಸ ಅರಮನೆ ಮುಗಿದದ್ದು 1912ರಲ್ಲಿ. ಅದರ ಮರುವರ್ಷ, 1913ರಲ್ಲಿ, ವಿ.ಟಿ.ಯ ಪಕ್ಕದಲ್ಲೇ ಮುಂಬಯಿಯ ದೊಡ್ಡ ಅಂಚೆ ಕಚೇರಿ ಎದ್ದು ನಿಂತಿತು. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಾಪುರದ ಗೋಲಗುಮ್ಮಟ. ಠಾಣೆಯಿಂದ ದಿನಾ ಲೋಕಲ್ ಹಿಡಿದು ವಿ.ಟಿ.ಯಲ್ಲಿ ಇಳಿಯುವವರು ಹೀಗೆ ಮೈಸೂರು ಅರಮನೆಯ ಅಣ್ಣನನ್ನೂ ತಮ್ಮನನ್ನೂ ದಾಟಿಕೊಂಡೇ ಕೆಲಸಕ್ಕೆ ಹೋಗುತ್ತಾರೆ.

ಹಾಗಾದರೆ ನಾವು 'ಪರಂಪರೆ' ಎಂದು ಮಕ್ಕಳಿಗೆ ತೋರಿಸುವ ಆ ಅರಮನೆಯಲ್ಲಿ ಹಳೆಯದು ಯಾವುದು?

ಮೈಸೂರಿನ ಅರಮನೆ ಬಿದ್ದದ್ದೂ ಎದ್ದದ್ದೂ ಒಂದೇ ಸಲವಲ್ಲ. ಸಿಡಿಲಿಗೆ ಸಿಕ್ಕಿದ ಅರಮನೆಯನ್ನು ರಣಧೀರ ಕಂಠೀರವ ನರಸರಾಜ ಒಡೆಯರು 1638ರಲ್ಲಿ ಮತ್ತೆ ಕಟ್ಟಿಸಿದರೆಂದು ಅರಮನೆಯ ಚರಿತ್ರೆ ಹೇಳುತ್ತದೆ. 1793ರಲ್ಲಿ ಟಿಪ್ಪು ಸುಲ್ತಾನ ಹಳೆಯ ಅರಮನೆಯನ್ನು ಕೆಡವಿಸಿದ. ಮೈಸೂರು ಕೋಟೆಯ ಕಲ್ಲುಗಳು ಪಕ್ಕದಲ್ಲಿ ಅವನು ಕಟ್ಟಿಸತೊಡಗಿದ್ದ ನಜರಬಾದಿಗೆ ಹೋದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವೇ ಕಲ್ಲುಗಳು ಮೈಸೂರು ಕೋಟೆಯನ್ನು ಮತ್ತೆ ಕಟ್ಟಲು ಹಿಂದಿರುಗಿದವು. ಹೊಟ್ಟೆಪಾಡಿಗೆ ಊರು ಬಿಟ್ಟು ಮತ್ತೆ ಮರಳಿದವರ ಕತೆಗಳಷ್ಟೇ ಸ್ವಾರಸ್ಯವಾದದ್ದು ಆ ಕಲ್ಲುಗಳ ಕತೆ.

1799ರ ಜೂನ್ 30ರಂದು ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟುವಾಗ ಮೈಸೂರಿನಲ್ಲಿ ಅರಮನೆಯೇ ಇರಲಿಲ್ಲ. ಲಕ್ಷ್ಮೀರಮಣ ಸ್ವಾಮಿ ದೇವಸ್ಥಾನದ ಬಳಿ ಚಪ್ಪರ ಹಾಕಿ ಪಟ್ಟಾಭಿಷೇಕ ಮಾಡಿದರು. ಆಮೇಲೆ ಅವಸರದಲ್ಲಿ ಕಟ್ಟಿದ ಅರಮನೆ 1803ಕ್ಕೆ ಸಿದ್ಧವಾಯಿತು. ಅದರಲ್ಲಿ ಮರದ ಕೆಲಸವೇ ಹೆಚ್ಚು. ಕೆತ್ತನೆಯ ಮರದ ಕಂಬಗಳು ಹೊತ್ತ ಮುಂಭಾಗದ ತೆರೆದ ಸಭಾಂಗಣಕ್ಕೆ 'ಸೆಜ್ಜೆ' ಎನ್ನುತ್ತಿದ್ದರು. ದಸರೆಯಲ್ಲಿ ರಾಜರು ಸಿಂಹಾಸನವೇರಿ ಜನಕ್ಕೆ ದರ್ಶನ ಕೊಡುತ್ತಿದ್ದುದು ಅಲ್ಲಿಂದಲೇ. ಮಹಡಿಯ ಮೇಲಿನ ಸಭಾಮಂದಿರದ ಹೆಸರು ಅಂಬಾವಿಲಾಸ.

ಆ ಮರದ ಅರಮನೆ ತೊಂಬತ್ತನಾಲ್ಕು ವರ್ಷ ನಿಂತಿತು. 1897ರ ಫೆಬ್ರವರಿ ಕೊನೆಯಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ. ವರ ಎಂ. ಕಾಂತರಾಜ ಅರಸರು, ಮುಂದೆ ವಿಶ್ವೇಶ್ವರಯ್ಯನವರ ನಂತರ ದಿವಾನರಾದವರು. ಮದುವೆಯ ಸಂಭ್ರಮದ ನಡುವೆಯೇ ಬೆಂಕಿ ಬಿದ್ದು ಅರಮನೆ ಉರಿದುಹೋಯಿತು.

ಆಗ ಸಂಸ್ಥಾನ ನಡೆಸುತ್ತಿದ್ದವರು ವಿಧವೆ ರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಪತಿ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡಿದ್ದರು. ಮಗ ಇನ್ನೂ ಹುಡುಗ. ಹಾಗಿದ್ದೂ ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಅರಮನೆಯ ಕೆಲಸ ಶುರುವಾಯಿತು. ನಕ್ಷೆ ಮಾಡಿದವನು ಸಿಮ್ಲಾದ ವೈಸರಾಯ್ ನಿವಾಸ ಕಟ್ಟಿದ ಹೆನ್ರಿ ಇರ್ವಿನ್. ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದವರು ಎಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು. ಸುಟ್ಟುಕೊಂಡ ಕೈ ಪಾಠ ಕಲಿತಿತ್ತು. ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣ ಬಂದವು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋ ನಗರದ ಕಾರ್ಖಾನೆಯಿಂದ ಬಂದವು. ಅದರ ಚಾವಣಿಯ ಬಣ್ಣದ ಗಾಜಿಗೆ ನವಿಲಿನ ಚಿತ್ತಾರ ಬರೆದವರು ಮೈಸೂರಿನ ಕಲಾವಿದರು; ಗಾಜು ತಯಾರಾದದ್ದು ಅದೇ ಗ್ಲಾಸ್ಗೋದಲ್ಲಿ. ಒಟ್ಟು ಖರ್ಚು 41,47,913 ರೂಪಾಯಿ.

ಆ ಕಾಲ ಸಂಪತ್ತಿನ ಕಾಲವೇನೂ ಆಗಿರಲಿಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಮೈಸೂರು ಸಂಸ್ಥಾನಕ್ಕೂ ಕಾಲಿಟ್ಟಿತು. ಆ ಮಾರಿಯ ಕಾಟಕ್ಕೆ ಮುಂಬಯಿಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಮೈಸೂರಿನಲ್ಲಿ ಅಂಥದ್ದೇ ಮಂಡಳಿ 1903ರಲ್ಲಿ ಬಂತು. ಕಿಷ್ಕಿಂಧೆಯಂಥ ಓಣಿಗಳನ್ನು ಕೆಡವಿ ಅಗಲವಾದ ಬೀದಿ ಮಾಡುವುದು ಎರಡರದ್ದೂ ಕೆಲಸ. ಒಂದು ಕಡೆ ಅರಮನೆ ಏಳುತ್ತಿತ್ತು, ಇನ್ನೊಂದು ಕಡೆ ಬಡವರ ಮನೆಗಳು ಇಳಿಯುತ್ತಿದ್ದವು. ಬೆಳಗುವ ಅರಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಇದೂ ನೆನಪಿರಬೇಕು.

ಈ ಹದಿನೈದು ವರ್ಷ ರಾಜಮನೆತನ ಏನು ಮಾಡಿತು? ಹತ್ತಿರದ ಜಗನ್ಮೋಹನ ಅರಮನೆಗೆ ಹೋಯಿತು. 1861ರಲ್ಲಿ ಕಟ್ಟಿದ ಆ ಮನೆಯ ಮುಂದೆ 1900ರಲ್ಲಿ ದೊಡ್ಡ ಸಭಾಮಂಟಪವೊಂದನ್ನು ಸೇರಿಸಿದರು. 1902ರ ಆಗಸ್ಟಿನಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟದ್ದು ಅಲ್ಲೇ. ದಸರಾ ದರ್ಬಾರೂ ಅಲ್ಲೇ ನಡೆಯಿತು. ಅರಮನೆ ಇಲ್ಲವೆಂದು ದಸರೆ ನಿಲ್ಲಲಿಲ್ಲ. ನನಗೆ ಇಡೀ ಕತೆಯ ತಿರುಳು ಇದರಲ್ಲೇ ಇದೆ ಅನ್ನಿಸುತ್ತದೆ.

ಹೊಸದಾಗಿ ಕಟ್ಟುವುದರಲ್ಲೂ ಎರಡು ಬಗೆಗಳಿವೆ. ಮಲೇಷ್ಯಾದ ಮಲಾಕದಲ್ಲಿ ಹದಿನೈದನೇ ಶತಮಾನದಲ್ಲಿ ಸುಲ್ತಾನ್ ಮನ್ಸೂರ್ ಶಾಹನ ಅರಮನೆ ಇತ್ತು. ಅದೂ ಮರದ್ದು, ಅದೂ ಬೆಂಕಿಗೆ ಆಹುತಿಯಾಯಿತು. 1511ರಲ್ಲಿ ಪೋರ್ಚುಗೀಸರು ಆ ಸಂಸ್ಥಾನವನ್ನೇ ಗೆದ್ದುಕೊಂಡರು. 1980ರ ದಶಕದಲ್ಲಿ ಮಲಾಕದವರು ತಮ್ಮ ಹಳೆಯ ಚರಿತ್ರೆ ಗ್ರಂಥ 'ಸೆಜಾರಾ ಮೆಲಾಯು'ವಿನಲ್ಲಿರುವ ವರ್ಣನೆಯನ್ನು ಮುಂದಿಟ್ಟುಕೊಂಡು, ಮೊಳೆ ಬಳಸದೆ ಮರದಲ್ಲೇ ಆ ಅರಮನೆಯನ್ನು ಮತ್ತೆ ಕಟ್ಟಿದರು. 1986ರಿಂದ ಅದು ವಸ್ತು ಸಂಗ್ರಹಾಲಯ. ಅವರಿಗೆ ಆಕಾರ ಉಳಿಯಿತು. ಆದರೆ ಅದರೊಳಗೆ ಆಸ್ಥಾನವಿಲ್ಲ, ಬದುಕಿಲ್ಲ. ಮೈಸೂರಿನವರದು ತಿರುಗುಮುರುಗು. ಆಕಾರ ಪೂರ್ತಿ ಬದಲಾಯಿತು. ಅಂಬಾವಿಲಾಸ ಎಂಬ ಹೆಸರು, ದಸರೆಯ ದರ್ಶನ, ಸಿಂಹಾಸನ ಇವು ಉಳಿದವು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತೂಗುವುದು ಕಷ್ಟ. ಕೊಂಡಿಯೇ ಕಳಚಿಹೋದವರು ಆಕಾರವನ್ನಾದರೂ ಹಿಡಿದುಕೊಳ್ಳಬೇಕಾಗುತ್ತದೆ. ಕೊಂಡಿ ಉಳಿದವರಿಗೆ ಆಕಾರ ಬದಲಾಯಿಸುವ ಧೈರ್ಯ ಇರುತ್ತದೆ.

ಸಿಂಹಾಸನವನ್ನೇ ನೋಡಿ. ಮೈಸೂರಿನ ಚಿನ್ನದ ಸಿಂಹಾಸನ ವರ್ಷವಿಡೀ ಒಂದು ಕಡೆ ನಿಂತಿರುವುದಿಲ್ಲ. ಬಿಡಿಭಾಗಗಳಾಗಿ ಭದ್ರವಾಗಿದ್ದು, ದಸರೆಗೆ ಮುಂಚೆ ಜೋಡಣೆಯಾಗಿ, ಹಬ್ಬ ಮುಗಿದ ಮೇಲೆ ಮತ್ತೆ ಬಿಚ್ಚಿ ಒಳಗೆ ಹೋಗುತ್ತದೆ. ಅದರ ನಿಜವಾದ ಒಡೆತನ ಚಿನ್ನದಲ್ಲಿಲ್ಲ. ಯಾವ ಭಾಗ ಎಲ್ಲಿ ಕೂರಬೇಕು ಎಂದು ಬಲ್ಲ ಕೈಗಳಲ್ಲಿದೆ. ದಸರೆಯೂ ಹಾಗೆಯೇ ವಲಸೆ ಬಂದದ್ದು. ವಿಜಯನಗರದ ಮಹಾನವಮಿಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1799ರ ನಂತರ ಅದು ಮೈಸೂರಿಗೆ ಬಂತು. ರಾಜಧನ 1971ರಲ್ಲಿ ರದ್ದಾದ ಮೇಲೆ ಅಂಬಾರಿಯಲ್ಲಿ ರಾಜರ ಬದಲು ಚಾಮುಂಡೇಶ್ವರಿ ಕೂತಳು. ಊರು ಬದಲಾಯಿತು, ಕೂರುವವರು ಬದಲಾದರು. ಮೆರವಣಿಗೆ ಮಾತ್ರ ಹೊರಡುತ್ತಲೇ ಇದೆ.

ಬೆಂಕಿ ಬಿದ್ದ ಮದುವೆಯ ಮದುವಣಗಿತ್ತಿಗಾಗಿ ಆಮೇಲೆ ಬೇರೊಂದು ಬಂಗಲೆ ಕಟ್ಟಿದರು. ಅದೇ ಜಯಲಕ್ಷ್ಮಿ ವಿಲಾಸ, ಇಂದಿನ ಮಾನಸಗಂಗೋತ್ರಿಯ ಆವರಣದಲ್ಲಿದೆ. ಅಲ್ಲಿ ಈಗ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತು ಸಂಗ್ರಹಾಲಯವಿದೆ. ರಾಜಕುಮಾರಿ ಓಡಾಡಿದ ಅಂಗಳದಲ್ಲಿ ಒಕ್ಕಲುಮನೆಯ ಪಾತ್ರೆ ಪಗಡ, ಯಕ್ಷಗಾನದ ವೇಷಭೂಷಣ, ತೊಗಲುಗೊಂಬೆ. ಊರಿಗೆ ಹೋದಾಗ ಅರಮನೆಯನ್ನು ತೋರಿಸಿದ ಮಕ್ಕಳಿಗೆ ಅದನ್ನೂ ತೋರಿಸಬೇಕು.

ಊರಿನ ಹಂಚಿನ ಮನೆ ಬಿದ್ದು ತಾರಸಿ ಮನೆ ಎದ್ದದ್ದನ್ನು ನೋಡಿ ಮನಸ್ಸು ಮುದುಡಿಸಿಕೊಂಡು ರೈಲು ಹತ್ತಿದವರು ನಮ್ಮಲ್ಲಿ ಬಹಳ ಮಂದಿ. ಆ ನೋವು ಸುಳ್ಳಲ್ಲ. ಆದರೆ ವಾಗ್ಳೆ ಎಸ್ಟೇಟಿನ ಎರಡು ಕೋಣೆಯ ಮನೆಯಲ್ಲಿ ನವರಾತ್ರಿಗೆ ಪೆಟ್ಟಿಗೆಯಿಂದ ಗೊಂಬೆ ತೆಗೆದು, ಯಾವುದರ ಪಕ್ಕ ಯಾವುದು ಎಂದು ಮಗಳಿಗೆ ಹೇಳಿಕೊಡುತ್ತಾ ಮೆಟ್ಟಿಲ ಮೇಲೆ ಜೋಡಿಸುವ ತಾಯಿ ಮಾಡುವುದು ಸಿಂಹಾಸನ ಜೋಡಿಸುವವರು ಮಾಡುವ ಕೆಲಸವನ್ನೇ. ಅರಮನೆಯಿಲ್ಲದೆ ಮೈಸೂರು ಹದಿನೈದು ದಸರೆ ಮಾಡಿತು. ಜೋಡಿಸಲು ಬಲ್ಲವರು ಇಲ್ಲದಿದ್ದರೆ ಒಂದು ದಸರೆಯನ್ನೂ ಮಾಡಲು ಆಗುತ್ತಿರಲಿಲ್ಲ.