ನಾಲ್ಕು ಋತುಗಳ ಡೇರೆ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಪರ್ವತಾರೋಹಣದ ಸಲಕರಣೆಗಳನ್ನು ಮಾರುವವರು ಡೇರೆಗಳನ್ನು ಸಾಮಾನ್ಯವಾಗಿ ಮೂರು ಋತುಗಳ ಡೇರೆ, ನಾಲ್ಕು ಋತುಗಳ ಡೇರೆ ಎಂದು ವಿಂಗಡಿಸುತ್ತಾರೆ. ಎರಡನೆಯದು ವರ್ಷವಿಡೀ ಎಲ್ಲೆಡೆಗೂ ಸಲ್ಲುತ್ತದೆ ಎಂಬ ಭಾವನೆ ಮೂಡುವುದು ಸಹಜ. ವಾಸ್ತವವಾಗಿ ಅದು ಚಳಿಗಾಲದ ಡೇರೆ. ಪಾಶ್ಚಾತ್ಯರ ನಾಲ್ಕು ಋತುಗಳ ಲೆಕ್ಕದಲ್ಲಿ ಹಿಮ ಬೀಳುವ ಕಾಲವನ್ನೂ ತಾಳಿಕೊಳ್ಳಬಲ್ಲದು ಎಂಬುದಷ್ಟೇ ಈ ಹೆಸರಿನ ಅರ್ಥ. ನಮ್ಮ ಪಂಚಾಂಗದ ಆರು ಋತುಗಳಿಗೂ ಅದಕ್ಕೂ ಸಂಬಂಧವಿಲ್ಲ. ಇದು ಬಹುಮಟ್ಟಿಗೆ ತಯಾರಕರೇ ಅಂಟಿಸುವ ಹಣೆಪಟ್ಟಿಯಾದ್ದರಿಂದ ಹೆಸರನ್ನು ನಂಬುವ ಬದಲು ಡೇರೆಯ ರಚನೆಯನ್ನೇ ಪರೀಕ್ಷಿಸುವುದು ಲೇಸು.

ಮಳೆಯ ನೀರು ಜಾರಿ ಹೋಗುತ್ತದೆ, ಹಿಮ ಹಾಗಲ್ಲ. ಒಂದೇ ರಾತ್ರಿಯಲ್ಲಿ ಮೇಲ್ಛಾವಣಿಯ ಮೇಲೆ ಶೇಖರವಾಗುವ ಅದರ ಭಾರಕ್ಕೆ ಸಾಧಾರಣ ಡೇರೆ ಕುಸಿದುಬೀಳಬಹುದು. ಹಿಮದ ಡೇರೆಯಲ್ಲಿ ಕೋಲುಗಳು ಹಲವು ಕಡೆ ಒಂದನ್ನೊಂದು ದಾಟಿ, ತ್ರಿಕೋನಗಳ ಜಾಲವಾಗಿ ಭಾರವನ್ನು ಹಂಚಿಕೊಳ್ಳುತ್ತವೆ. ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ ಪ್ರಚಾರಕ್ಕೆ ತಂದ ಗುಮ್ಮಟದ ತತ್ತ್ವವನ್ನು ಡೇರೆಗೆ ಅಳವಡಿಸಿ, ದಿ ನಾರ್ತ್ ಫೇಸ್ ಸಂಸ್ಥೆ 1975ರಲ್ಲಿ 'ಓವಲ್ ಇಂಟೆನ್ಷನ್' ಎಂಬ ಡೇರೆಯನ್ನು ಹೊರತಂದಿತು. ಇಂದಿನ ಬಹುತೇಕ ಗುಮ್ಮಟ ಡೇರೆಗಳಲ್ಲಿ ಅದರ ಛಾಯೆಯಿದೆ. ಉತ್ತರ ಯೂರೋಪಿನಲ್ಲಿ ಸುರಂಗದ ಆಕಾರದ ಡೇರೆಗೂ ಮನ್ನಣೆಯಿದೆ. ಸ್ವೀಡನ್ನಿನ ಹಿಲ್ಲೆಬರ್ಗ್ ಇದಕ್ಕೆ ಹೆಸರುವಾಸಿ. ಅಷ್ಟೇ ತೂಕಕ್ಕೆ ಇದರಲ್ಲಿ ಒಳಜಾಗ ಹೆಚ್ಚು. ಆದರೆ ಗೂಟ ಹೊಡೆಯದೆ ಇದು ನಿಲ್ಲದು, ಗಾಳಿ ಬೀಸುವ ದಿಕ್ಕಿಗೆ ತಲೆಮಾಡಿಯೇ ಹೂಡಬೇಕು. ಬಂಡೆ, ಮಂಜುಗಡ್ಡೆಗಳ ಮೇಲೆ ಇಕ್ಕಟ್ಟಾದ ಜಾಗದಲ್ಲಿ ತಂಗುವವರಿಗೆ ಗುಮ್ಮಟವೇ ಅನುಕೂಲ.

ಬಾಳಿಕೆಯ ಪ್ರಶ್ನೆ ಬಂದಾಗ ಮೊದಲು ಕೋಲುಗಳನ್ನು ನೋಡಬೇಕು. ಅಗ್ಗದ ಡೇರೆಗಳ ಫೈಬರ್‌ಗ್ಲಾಸ್ ಕೋಲುಗಳು ಭಾರ ಹೆಚ್ಚಾದಾಗ ಸೀಳಿಹೋಗುತ್ತವೆ. ಅಲ್ಯೂಮಿನಿಯಂ ಮಿಶ್ರಲೋಹದ ಕೋಲು ಸಾಮಾನ್ಯವಾಗಿ ಮೊದಲು ಬಾಗುತ್ತದೆ; ಮುರಿದರೂ ಮೇಲೆ ಒಂದು ಸಣ್ಣ ಲೋಹದ ಕೊಳವೆ ತೊಡಿಸಿ ರಾತ್ರಿ ಕಳೆಯಬಹುದು. ಅಂಥ ಕೊಳವೆ ಚೀಲದಲ್ಲಿರಲೇಬೇಕು.

ಬಟ್ಟೆಯ ವಿಷಯ ಇನ್ನೂ ಸೂಕ್ಷ್ಮ. ನೈಲಾನ್ ಬಲಶಾಲಿ, ಆದರೆ ಒದ್ದೆಯಾದರೆ ಸಡಿಲಗೊಳ್ಳುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗದು, ಬಿಸಿಲನ್ನೂ ಹೆಚ್ಚು ತಾಳುತ್ತದೆ. ನೀರು ಒಸರದಂತೆ ಹಚ್ಚುವ ಲೇಪದಲ್ಲಿಯೂ ಎರಡು ಬಗೆ. ಸಿಲಿಕೋನ್ ಲೇಪವು ಬಟ್ಟೆ ಹರಿಯದಂತೆ ಬಲ ನೀಡುತ್ತದೆ. ಪಾಲಿಯುರೆಥೇನ್ ಲೇಪ ಅಗ್ಗ, ಆದರೆ ತೇವದಲ್ಲಿ ಇಟ್ಟರೆ ಕಾಲಾಂತರದಲ್ಲಿ ಅಂಟಂಟಾಗಿ ಕಳಚಿಬರುತ್ತದೆ, ಕೆಟ್ಟ ವಾಸನೆಯೂ ಬೀರುತ್ತದೆ. ತಯಾರಕರು ಜಾಹೀರಾತಿನಲ್ಲಿ ಮುದ್ರಿಸುವ 3,000 ಮಿಲಿಮೀಟರ್, 5,000 ಮಿಲಿಮೀಟರ್ ಎಂಬ ಅಂಕಿಗಳು ಹೊಸ ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯಬಲ್ಲದು ಎಂಬುದನ್ನು ಸೂಚಿಸುತ್ತವೆಯೇ ಹೊರತು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನಲ್ಲ. ಎತ್ತರದ ಪ್ರದೇಶದಲ್ಲಿ ಅತಿನೇರಳೆ ಕಿರಣಗಳು ತೀಕ್ಷ್ಣವಾಗಿರುವುದರಿಂದ, ವಾರಗಟ್ಟಲೆ ಬಿಸಿಲಿನಲ್ಲಿ ನಿಂತ ಬೇಸ್ ಕ್ಯಾಂಪಿನ ಡೇರೆ ಬಿರುಗಾಳಿಗೆ ಸಿಕ್ಕದೆಯೂ ಜೀರ್ಣವಾಗುವುದುಂಟು.

ಪ್ರಾಣಕ್ಕೇ ಸಂಬಂಧಿಸಿದ ಸಂಗತಿಯೊಂದಿದೆ: ಗಾಳಿಕಿಂಡಿ. ಹಾರುವ ಹಿಮ ನುಗ್ಗದಂತೆ ಈ ಡೇರೆಗಳ ಒಳಪದರದಲ್ಲಿ ಜಾಲರಿಗೆ ಬದಲು ಗಟ್ಟಿ ಬಟ್ಟೆಯನ್ನೇ ಹೆಚ್ಚಾಗಿ ಹೊಲಿದಿರುತ್ತಾರೆ. ಉಸಿರಿನ ತೇವ ಒಳಗೇ ಹನಿಗಟ್ಟಿ ಮಲಗುವ ಚೀಲವನ್ನು ನೆನೆಸುತ್ತದೆ. ಇದು ಕಿರಿಕಿರಿ ಮಾತ್ರ. ಹಿಮ ಬಿದ್ದು ಕಿಂಡಿಗಳು ಮುಚ್ಚಿರುವಾಗ ಒಳಗೆ ಸ್ಟೌವ್ ಹಚ್ಚಿದರೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ತಲೆನೋವು, ವಾಕರಿಕೆ ಅದರ ಲಕ್ಷಣಗಳು. ಎತ್ತರದ ಕಾಯಿಲೆಯ ಲಕ್ಷಣಗಳೂ ಅವೇ ಆದ್ದರಿಂದ ಅಪಾಯ ಗೊತ್ತಾಗುವುದೇ ತಡ. ಆದಕಾರಣ ಕನಿಷ್ಠ ಎರಡು ಕಿಂಡಿಗಳು, ಅದರಲ್ಲಿ ಒಂದು ಮೇಲ್ಭಾಗದಲ್ಲಿ, ಇರುವ ಡೇರೆಯನ್ನೇ ಆರಿಸಬೇಕು. ಅಡುಗೆ ಹೊರಗೆ ನಡೆಯಲಿ. ಬಿರುಗಾಳಿಯಲ್ಲಿ ಅದು ಅಸಾಧ್ಯವಾದರೆ ಬಾಗಿಲು ತೆರೆದ ಮೊಗಸಾಲೆಯಲ್ಲಿ ಮಾತ್ರ, ಅದೂ ಎಚ್ಚರದಿಂದ. ರಾತ್ರಿ ಎದ್ದು ಸುತ್ತಲಿನ ಹಿಮವನ್ನು ಸರಿಸುವ ಸೋಮಾರಿತನ ಬಿಡಬೇಕಾಗುತ್ತದೆ.

ಇಬ್ಬರು ಮಲಗುವ ಇಂಥ ಡೇರೆ ಸಾಮಾನ್ಯವಾಗಿ 3ರಿಂದ 4.5 ಕಿಲೋ ತೂಗುತ್ತದೆ. ಕರ್ನಾಟಕದ ಚಾರಣಿಗರಿಗೆ ಸಹ್ಯಾದ್ರಿಯ ಬೆಟ್ಟಗಳಲ್ಲಿ ಇದು ಅನಗತ್ಯ ಹೊರೆಯೇ ಸರಿ. ಇಲ್ಲಿನ ಸೆಖೆಗೆ ಜಾಲರಿಯುಳ್ಳ ಮೂರು ಋತುಗಳ ಡೇರೆಯೇ ಹಿತ. ವರ್ಷಕ್ಕೊಮ್ಮೆ ಹಿಮಾಲಯಕ್ಕೆ ಹೋಗುವವರು ಮನಾಲಿಯಂಥ ಊರುಗಳಲ್ಲಿ ಬಾಡಿಗೆಗೆ ಪಡೆಯಬಹುದು. ಹಾಗೆ ಪಡೆಯುವಾಗ ಡೇರೆಯನ್ನು ಅಲ್ಲೇ ಬಿಚ್ಚಿ ನಿಲ್ಲಿಸಿ, ಜಿಪ್ ಮತ್ತು ಹೊಲಿಗೆಗಳನ್ನು ಪರೀಕ್ಷಿಸಬೇಕು. ಹಿಮದಲ್ಲಿ ಸಾಧಾರಣ ಗೂಟ ಹಿಡಿಯುವುದಿಲ್ಲ. ಚೀಲಗಳಲ್ಲಿ ಹಿಮ ತುಂಬಿ, ಹಗ್ಗ ಕಟ್ಟಿ ಹೂಳುವುದು ರೂಢಿ.

ಸ್ವಂತಕ್ಕೆ ಕೊಂಡವರು ಊರಿಗೆ ಮರಳಿದ ಕೂಡಲೆ ಡೇರೆಯನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಬಿಗಿಯಾದ ಚೀಲಕ್ಕೆ ತುರುಕದೆ ಸಡಿಲವಾಗಿ ಇಡಬೇಕು. ಮುಂದಿನ ಪ್ರಯಾಣಕ್ಕೆ ಮುನ್ನ ಮನೆಯ ತಾರಸಿಯ ಮೇಲೆ, ದಪ್ಪ ಕೈಗವಸು ತೊಟ್ಟುಕೊಂಡೇ ಅದನ್ನು ಒಮ್ಮೆ ನಿಲ್ಲಿಸಿ ನೋಡುವುದು ಒಳ್ಳೆಯದು. ಮೇಲೆ ಹೋದಾಗ ಬರಿಗೈಯಲ್ಲಿ ಕೆಲಸ ಮಾಡಲು ಚಳಿ ಬಿಡುವುದಿಲ್ಲ.